ಗೋಡೆಗೇರಿದ ಕೌದಿ

ಬೆಸೆಂಟ್ ನಗರದ ಸೆಕೆಗೆ ಕೌದಿ ಬೇಡ. ಆದರೂ ಅಮ್ಮ ಹೊಲಿದದ್ದು ಕಪಾಟಿನಲ್ಲಿದೆ.

ಅಮೆರಿಕದ ಒಹಾಯೊದಲ್ಲಿ ಡೋನಾ ಸೂ ಗ್ರೋವ್ಸ್, ಕೌದಿ ಹೊಲಿಯುವ ತಾಯಿ ಮ್ಯಾಕ್ಸೀನ್ ಅವರ ಗೌರವಕ್ಕೆ ಕೊಟ್ಟಿಗೆಯ ಮೇಲೆ ಒಂದು ಚೌಕ ಬರೆಸುವ ಮಾತು ಕೊಟ್ಟಿದ್ದರು. ಅದೇ ಊರಿನ ಯೋಜನೆಯಾಯಿತು. 2001ರಲ್ಲಿ ಆಡಮ್ಸ್ ಕೌಂಟಿಯ ಲೂಯಿಸ್ ಕುಟುಂಬದ ಗಿಡಮೂಲಿಕೆ ತೋಟದಲ್ಲಿ ಮೊದಲ ಚೌಕ, ‘ಒಹಾಯೊ ಸ್ಟಾರ್’, ಗೋಡೆಗೇರಿತು. ಇಂದು ಅಮೆರಿಕ, ಕೆನಡಾಗಳ ಹಳ್ಳಿದಾರಿಗಳಲ್ಲಿ ಅಂಥವು ಸಾವಿರಾರಿವೆ.

ನಮ್ಮ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರು ಹಳೆ ಸೀರೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾ ಸಾಗುತ್ತಾರೆ. ಮೂಲೆಗೆ ‘ಫುಲ’ ಎಂಬ ಬಟ್ಟೆಯ ಹೂ ಬೀಳದಿದ್ದರೆ ಕೌದಿ ಬತ್ತಲೆ ಎನ್ನುತ್ತಾರೆ.

ಬಣ್ಣದ ಹಲಗೆ ಯಾರನ್ನೂ ಬೆಚ್ಚಗಿಡದು. ಆದರೆ ಹೊಲಿದವಳನ್ನು ನೆನಪಿಸಿತು. ನಮ್ಮ ಕೌದಿಗಳು ಬೆಚ್ಚಗಿಟ್ಟವು. ಹೊಲಿದವಳ ಹೆಸರನ್ನು ನಾವು ಕೇಳಲೇ ಇಲ್ಲ.