ತಂಡ ಹೋಯಿತು, ಹೆಸರು ಉಳಿಯಿತು

ಒಂದು ತಂಡ ಊರು ಬಿಟ್ಟು ಹೋದರೆ ಅದರ ಇತಿಹಾಸ ಯಾರ ಪಾಲಿಗೆ? ಅಮೆರಿಕದ ಸಿಯಾಟಲ್ ನಗರದ ಬ್ಯಾಸ್ಕೆಟ್‌ಬಾಲ್ ಕತೆ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಸಿಯಾಟಲ್‌ಗೆ ಎನ್‌ಬಿಎ ತಂಡ ಬಂದದ್ದು 1967ರಲ್ಲಿ. ಅಲ್ಲಿನ ಬೋಯಿಂಗ್ ಕಂಪನಿ ಆಗ ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನ ಕಟ್ಟಲು ಹೊರಟಿತ್ತು. ಆ ಹೆಮ್ಮೆಯಲ್ಲಿ ತಂಡಕ್ಕೆ ‘ಸೂಪರ್‌ಸಾನಿಕ್ಸ್’ ಎಂದು ಹೆಸರಿಟ್ಟರು. 1971ರಲ್ಲಿ ವಿಮಾನದ ಯೋಜನೆಯೇ ರದ್ದಾಯಿತು.

ಅದೇ ವರ್ಷ ತಂಡದ ಸ್ಪೆನ್ಸರ್ ಹೇವುಡ್ ಅವರ ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿತು. ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಆಗದವರು ಎನ್‌ಬಿಎಯಲ್ಲಿ ಆಡುವಂತಿಲ್ಲ ಎಂಬ ನಿಯಮ ಅವರಿಗೆ ಅಡ್ಡವಾಗಿತ್ತು. ನ್ಯಾಯಾಲಯ ಹೇವುಡ್ ಪರ ನಿಂತಿತು. ಮುಂದೆ ಎಳೆಯ ವಯಸ್ಸಿನಲ್ಲೇ ಲೀಗಿಗೆ ಬಂದವರೆಲ್ಲ ಅವರಿಗೆ ಋಣಿಗಳು.

1977ರ ಋತುವಿನ ಮೊದಲ 22 ಪಂದ್ಯಗಳಲ್ಲಿ ತಂಡ ಗೆದ್ದದ್ದು ಐದೇ. ಆಗ ತರಬೇತುದಾರರಾಗಿ ಬಂದವರು ಇದೇ ತಂಡದ ಹಳೆಯ ಆಟಗಾರ ಲೆನ್ನಿ ವಿಲ್ಕೆನ್ಸ್. ಅದೇ ಋತುವಿನಲ್ಲಿ ತಂಡ ಫೈನಲ್ ತಲುಪಿ, ಏಳನೆಯ ಪಂದ್ಯದಲ್ಲಿ ವಾಷಿಂಗ್ಟನ್‌ಗೆ ಸೋತಿತು. 1979ರಲ್ಲಿ ಅದೇ ಎದುರಾಳಿಯನ್ನು 4–1ರಿಂದ ಮಣಿಸಿತು. ಗಸ್ ವಿಲಿಯಮ್ಸ್, ಜ್ಯಾಕ್ ಸಿಕ್ಮಾ, ಡೆನ್ನಿಸ್ ಜಾನ್ಸನ್ ಆ ಗೆಲುವಿನ ಆಧಾರಸ್ತಂಭಗಳು. ಸಿಯಾಟಲ್‌ನಲ್ಲಿದ್ದಾಗ ಸಾನಿಕ್ಸ್ ಗೆದ್ದ ಎನ್‌ಬಿಎ ಪ್ರಶಸ್ತಿ ಅದೊಂದೇ.

ತೊಂಬತ್ತರ ದಶಕ ಗ್ಯಾರಿ ಪೇಟನ್ ಮತ್ತು ಶಾನ್ ಕೆಂಪ್ ಅವರದು. ಎದುರಾಳಿಗೆ ಉಸಿರಾಡಲು ಬಿಡದ ಪೇಟನ್, ಬುಟ್ಟಿಗಿಂತ ಮೇಲೆ ಜಿಗಿದು ಚೆಂಡು ತುರುಕುವ ಕೆಂಪ್. 1995–96ರಲ್ಲಿ 64 ಪಂದ್ಯ ಗೆದ್ದರೂ ಫೈನಲ್‌ನಲ್ಲಿ ಮೈಕೆಲ್ ಜೋರ್ಡನ್ ಅವರ ಶಿಕಾಗೊ ಬುಲ್ಸ್ ಎದುರು 2–4ರಿಂದ ಸೋತರು.

2006ರಲ್ಲಿ ತಂಡ ಒಕ್ಲಹೋಮಾದ ಉದ್ಯಮಿಗಳ ಪಾಲಾಯಿತು. ಹೊಸ ಕ್ರೀಡಾಂಗಣಕ್ಕೆ ಸಾರ್ವಜನಿಕ ಹಣ ಸಿಗಲಿಲ್ಲ. ಅಂಗಣದ ಗುತ್ತಿಗೆ 2010ರವರೆಗೆ ಇದೆ ಎಂದು ನಗರ ಕೋರ್ಟಿಗೆ ಹೋಯಿತು. 2008ರಲ್ಲಿ ರಾಜಿಯಾಯಿತು: ನಗರಕ್ಕೆ 4.5 ಕೋಟಿ ಡಾಲರ್, ಜೊತೆಗೆ ತಂಡದ ಹೆಸರು ಮತ್ತು ಹಸಿರು–ಚಿನ್ನದ ಬಣ್ಣಗಳು. ಒಂದೇ ಋತು ಆಡಿ ವರ್ಷದ ಹೊಸ ಆಟಗಾರ ಎನಿಸಿದ್ದ ಕೆವಿನ್ ಡುರಾಂಟ್ ತಂಡದೊಂದಿಗೆ ಹೊರಟರು.

ಎನ್‌ಬಿಎ ಲೆಕ್ಕದಲ್ಲಿ 1979ರ ಗೆಲುವು ಇಂದು ಒಕ್ಲಹೋಮಾ ಸಿಟಿ ಥಂಡರ್ ಖಾತೆಯಲ್ಲಿದೆ. ಆದರೆ ಆ ವರ್ಷ ಬೀದಿಗಿಳಿದು ಕುಣಿದವರು ಸಿಯಾಟಲ್‌ನವರು. ದಾಖಲೆಯನ್ನು ಮಾಲೀಕರು ಕೊಂಡೊಯ್ಯಬಹುದು. ಕಂಡವರ ನೆನಪನ್ನು ಯಾವ ಕರಾರಿನಲ್ಲಿ ಬರೆದುಕೊಡಲಾದೀತು? ಎಂದೂ ಹಾರದ ವಿಮಾನದಿಂದ ಬಂದ ಆ ಹೆಸರನ್ನು, ತಂಡವಿಲ್ಲದಿದ್ದರೂ ಆ ಊರು ಬಿಟ್ಟುಕೊಡಲಿಲ್ಲ. ನನ್ನ ಪ್ರಶ್ನೆಗೆ ಸಿಯಾಟಲ್ ಕೊಟ್ಟ ಉತ್ತರ ಅದೇ.