ದಡದ ಕಾವಲಿಗೊಂದು, ದೂರದ ಸಾಗರಕ್ಕೊಂದು

2022ರ ಮೇ ತಿಂಗಳಲ್ಲಿ ರಕ್ಷಣಾ ಸಚಿವ ರಾಜನಾಥ ಸಿಂಗ್ ಕಾರವಾರದ ನೌಕಾನೆಲೆಯಿಂದ ‘ಐಎನ್ಎಸ್ ಖಂಡೇರಿ’ ಏರಿ ಅರಬ್ಬಿ ಸಮುದ್ರದ ಆಳಕ್ಕಿಳಿದರು. ಈ ಜಲಾಂತರ್ಗಾಮಿಯ ಉದ್ದ ಸುಮಾರು 67 ಮೀಟರ್. ಇನ್ನಷ್ಟು ದೊಡ್ಡದಿದ್ದರೆ ಬಲ ಹೆಚ್ಚುತ್ತಿರಲಿಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಜಲಾಂತರ್ಗಾಮಿಯ ಗಾತ್ರವನ್ನು ನಿರ್ಧರಿಸುವುದು ಅದು ಕಾದಾಡಬೇಕಾದ ಕಡಲು.

ದಡದ ಸಮೀಪ ನೀರಿನ ಆಳ ಕಡಿಮೆ. ಅಲ್ಲಿ ದೊಡ್ಡ ನೌಕೆಗೆ ತಿರುಗಲೂ ಕಷ್ಟ, ಅಡಗಲೂ ಕಷ್ಟ. ನೆಲೆ ಹತ್ತಿರವೇ ಇರುವುದರಿಂದ ಹೆಚ್ಚು ಇಂಧನ, ಆಹಾರ ಬೇಕಿಲ್ಲ. ಸಾಗರದ ನಡುವೆ ತಿಂಗಳುಗಟ್ಟಲೆ ಇರಬೇಕಾದ ನೌಕೆಗೆ ಇವೆಲ್ಲವೂ ಬೇಕು. ಸಿಬ್ಬಂದಿಯೂ ಹೆಚ್ಚು ಬೇಕು.

ಎರಡನೆಯ ಮಹಾಯುದ್ಧದ ಜರ್ಮನ್ ನೌಕೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಕರಾವಳಿಗೆಂದು ಕಟ್ಟಿದ ‘2ಬಿ’ ಮಾದರಿಯ ಉದ್ದ 43 ಮೀಟರ್‌ಗೂ ಕಡಿಮೆ. ಸುಮಾರು 25 ಜನ, ಐದು ಟಾರ್ಪೆಡೊ. ಸಾಗರಕ್ಕೆಂದು ಕಟ್ಟಿದ ‘9ಸಿ’ ಮಾದರಿಯ ಉದ್ದ ಸುಮಾರು 77 ಮೀಟರ್, ಟಾರ್ಪೆಡೊಗಳು 22. ಮೊದಲನೆಯದಕ್ಕೆ ಒಂದೇ ಕವಚ. ಎರಡನೆಯದಕ್ಕೆ ನೀರಿನ ಒತ್ತಡ ತಾಳುವ ಒಳಕವಚದ ಸುತ್ತ ಇನ್ನೊಂದು ಹೊರಕವಚ. ನಡುವಿನ ಜಾಗದಲ್ಲಿ ಇಂಧನ. ದೂರದ ಪಯಣದ ಗುಟ್ಟು ಇದೇ. ಆದರೆ ದೊಡ್ಡ ಮೈಯನ್ನು ಅವಸರದಲ್ಲಿ ಮುಳುಗಿಸುವುದು ಸುಲಭವಲ್ಲ. ವಿಮಾನ ಮೇಲೆರಗಿದಾಗ ಕೆಲವೇ ಸೆಕೆಂಡುಗಳ ವಿಳಂಬವೂ ಪ್ರಾಣಕ್ಕೆ ಎರವಾಗುತ್ತಿತ್ತು.

ಸುಭಾಷ್ ಚಂದ್ರ ಬೋಸರನ್ನು 1943ರ ಫೆಬ್ರುವರಿಯಲ್ಲಿ ಜರ್ಮನಿಯಿಂದ ಹೊತ್ತು ತಂದ ‘ಯು-180’ ಇದೇ 9ನೇ ಮಾದರಿಯ ಹಿಗ್ಗಿಸಿದ ರೂಪ. ಆಫ್ರಿಕಾವನ್ನು ಬಳಸಿ ಬಂದ ಅವರು ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್ ಬಳಿ ರಬ್ಬರ್ ತೆಪ್ಪದಲ್ಲಿ ಜಪಾನಿನ ‘ಐ-29’ ಜಲಾಂತರ್ಗಾಮಿ ಸೇರಿದರು. ಕರಾವಳಿಯ ನೌಕೆಯಿಂದ ಈ ಪ್ರಯಾಣ ಆಗುವ ಮಾತೇ ಆಗಿರಲಿಲ್ಲ.

1971ರ ಯುದ್ಧ ಇನ್ನೊಂದು ಪಾಠ ಹೇಳಿತು. ಬಂಗಾಳ ಕೊಲ್ಲಿಯಷ್ಟು ದೂರ ಹೋಗಿ ಕಾದಾಡಬಲ್ಲ ಪಾಕಿಸ್ತಾನದ ಜಲಾಂತರ್ಗಾಮಿಯೆಂದರೆ ‘ಘಾಜಿ’ಯೊಂದೇ. ಅಮೆರಿಕ ಕಟ್ಟಿದ ಇದರ ಉದ್ದ 95 ಮೀಟರ್. ವಿಮಾನವಾಹಕ ನೌಕೆ ‘ವಿಕ್ರಾಂತ್’ನ್ನು ಹುಡುಕುತ್ತ ಕರಾಚಿಯಿಂದ ಭಾರತ ಪರ್ಯಾಯ ದ್ವೀಪವನ್ನು ಸುತ್ತಿ ಹೋದ ಅದು ಡಿಸೆಂಬರ್ ಆರಂಭದಲ್ಲಿ ವಿಶಾಖಪಟ್ಟಣದ ಹೊರಗೆ ಮುಳುಗಿತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ, ಡಿಸೆಂಬರ್ 9ರಂದು, ಕೇವಲ 58 ಮೀಟರ್ ಉದ್ದದ ಫ್ರೆಂಚ್ ನಿರ್ಮಿತ ‘ಹಂಗೋರ್’ ದೀವ್ ಬಳಿ ನಮ್ಮ ‘ಐಎನ್ಎಸ್ ಖುಕ್ರಿ’ಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 194 ಜನ ನೌಕೆಯೊಡನೆ ಜಲಸಮಾಧಿಯಾದರು. ದೂರ ಹೋಗಲು ದೊಡ್ಡ ನೌಕೆಯೇ ಬೇಕಿತ್ತು. ಹತ್ತಿರದಲ್ಲಿ ಹೊಂಚು ಹಾಕಿ ಕೊಲ್ಲಲು ಸದ್ದಿಲ್ಲದ ಚಿಕ್ಕದೇ ಸಾಕಾಯಿತು.

2016ರಲ್ಲಿ ನೌಕಾಪಡೆ ಸೇರಿದ ‘ಅರಿಹಂತ್’ ಅಣುಶಕ್ತಿಯಿಂದ ಓಡುತ್ತದೆ. ಡೀಸೆಲ್ ನೌಕೆಗಳಂತೆ ಬ್ಯಾಟರಿ ತುಂಬಿಸಿಕೊಳ್ಳಲು ಮೇಲೆ ಬಂದು ಗಾಳಿ ಎಳೆದುಕೊಳ್ಳುವ ಗೋಜು ಅದಕ್ಕಿಲ್ಲ. ನೂರು ಮೀಟರ್ ಮೀರಿದ ಅದರ ಮೈಗೆ ಆಳವಾದ ಸಾಗರವೇ ತಕ್ಕ ಜಾಗ. ಕಾರವಾರದ ಮುಂದಿನ ಕಡಲತಳವಾದರೋ ಥಟ್ಟನೆ ಕುಸಿಯದೆ ಬಹುದೂರ ಮೆಲ್ಲನೆ ಇಳಿಯುತ್ತ ಹೋಗುತ್ತದೆ. ಈ ತೆಳುನೀರಿನಲ್ಲೂ, ಅದರಾಚೆಯ ಆಳದಲ್ಲೂ ಕೆಲಸ ಮಾಡಬೇಕಾದ ಖಂಡೇರಿ ಎರಡರ ನಡುವಿನ ಅಳತೆಯದು. ಅದರ 67 ಮೀಟರ್ ಕೊರತೆಯಲ್ಲ, ಲೆಕ್ಕಾಚಾರ.