ಕಾದಂಬರಿಯಲ್ಲಿ ಕಾಡೂ ಉಂಟು, ಬಯಲೂ ಉಂಟು

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಪೀಣ್ಯದ ಕಾರ್ಖಾನೆಗಳನ್ನೂ ಮಾದಾವರವನ್ನೂ ದಾಟಿದರೆ ಮಾಕಳಿ. 2024ರ ನವೆಂಬರಿನಲ್ಲಿ ಮೆಟ್ರೊ ರೈಲು ಮಾದಾವರದವರೆಗೂ ಬಂತು. ರಾಗಿ ಬೆಳೆಯುತ್ತಿದ್ದ ಇಂಥ ಬಯಲು ಹಿಂದೆ ಹೇಗಿತ್ತೆಂದು ತಿಳಿಯಲು ಇಲ್ಲಿಗೆ ಹೊಸದಾಗಿ ಬಂದವರು ಕನ್ನಡ ಕಾದಂಬರಿಗಳ ಮೊರೆ ಹೋದರೆ, ಮೊದಲು ಎದುರಾಗುವುದು ಬಯಲಲ್ಲ, ಮಲೆನಾಡು!

ಅದಕ್ಕೆ ಮುಖ್ಯ ಕಾರಣ ಕುವೆಂಪು. 1936ರ 'ಕಾನೂರು ಹೆಗ್ಗಡಿತಿ', 1967ರ 'ಮಲೆಗಳಲ್ಲಿ ಮದುಮಗಳು' ಎರಡರಲ್ಲೂ ಮಳೆ, ಕತ್ತಲೆ, ಕಾಡು ಎಲ್ಲಕ್ಕೂ ಕಥೆಯಲ್ಲಿ ಕೆಲಸವುಂಟು. ನಾಯಿಗುತ್ತಿಯ ಪ್ರೀತಿಯ ನಾಯಿ ಹುಲಿಯ ಕೊನೆಗೆ ತುಂಬಿ ಹರಿಯುವ ತುಂಗೆಯ ಪಾಲಾಗುತ್ತದೆ. ಆ ಪುಟಗಳನ್ನು ಓದಿದವರಿಗೆ ಹೊಳೆಯೂ ಒಂದು ಪಾತ್ರವೇ ಅನ್ನಿಸದಿರದು. ಮುಂದೆ ಅವರ ಮಗ ಪೂರ್ಣಚಂದ್ರ ತೇಜಸ್ವಿ 'ಕರ್ವಾಲೊ'ದಲ್ಲಿ (1980) ಅದೇ ಕಾಡಿಗೆ ಹಾರುವ ಓತಿಯನ್ನು ಹುಡುಕಿಕೊಂಡು ಹೋದರು.

ಶಿವರಾಮ ಕಾರಂತರ ದಾರಿ ಬೇರೆ. ಅವರು ನಿಸರ್ಗವನ್ನು ವರ್ಣಿಸುತ್ತಲೇ ಅದು ಯಾರದೆಂದು ಕೇಳುತ್ತಾರೆ. 1933ರ 'ಚೋಮನ ದುಡಿ'ಯಲ್ಲಿ ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಅಸ್ಪೃಶ್ಯನಾದ ಅವನಿಗೆ ಬೇಸಾಯದ ಆಸೆಯೇ ಅಪರಾಧ. ಹತ್ತು ವರ್ಷಗಳ ಬಳಿಕ ಬಂದ 'ಬೆಟ್ಟದ ಜೀವ'ದ ಗೋಪಾಲಯ್ಯನವರು ಕುಮಾರಪರ್ವತದ ಸೆರಗಿನಲ್ಲಿ ಕಾಡು ಕಡಿದು ತೋಟ ಮಾಡಿದವರು. ಒಂದೇ ಜಿಲ್ಲೆಯ ಹಸಿರು ಒಬ್ಬನಿಗೆ ಎಟುಕದು, ಇನ್ನೊಬ್ಬರಿಗೆ ಬದುಕನ್ನೇ ಕೊಟ್ಟಿತು.

ಹಾಗಾದರೆ ಬಯಲುಸೀಮೆ? ತುಮಕೂರು ರಸ್ತೆಯಲ್ಲೇ ಮುಂದುವರಿದು ತಿಪಟೂರು, ಚನ್ನರಾಯಪಟ್ಟಣಗಳ ಕಡೆಗೆ ಹೋಗಬೇಕು. ಎಸ್.ಎಲ್. ಭೈರಪ್ಪ (1931–2025) ಹುಟ್ಟಿದ ಸಂತೇಶಿವರ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. 1970ರ 'ಗೃಹಭಂಗ' ಆ ಸೀಮೆಯದೇ ಕಥೆ. ನಿಸರ್ಗ ವರ್ಣನೆಗಾಗಿ ಈ ಕಾದಂಬರಿಯನ್ನು ಯಾರೂ ನೆನೆಯುವುದಿಲ್ಲ. ಅದು ಅನ್ಯಾಯವೇ ಸರಿ. ಮಳೆ ತಪ್ಪಿದರೆ ಏನಾಗುತ್ತದೆ, ರಾಗಿ ಎಷ್ಟು ದಿನಕ್ಕೆ ಬರುತ್ತದೆ ಎಂಬ ಲೆಕ್ಕದಲ್ಲೇ ಆ ನೆಲದ ಗುಣವೆಲ್ಲ ಬಂದಿದೆ. ಪ್ಲೇಗು ಬಂದಾಗ ಜನ ಮನೆಗಳಿಗೆ ಬೀಗ ಹಾಕಿ ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಾರೆ. ಭೈರಪ್ಪನವರು ತಮ್ಮ ತಾಯಿಯನ್ನು ಕಳೆದುಕೊಂಡದ್ದೂ ಪ್ಲೇಗಿನಿಂದಲೇ.

ಶಾನುಭೋಗಿಕೆ ಗಂಡನದು, ಲೆಕ್ಕ ಬರೆಯುವ ಕೆಲಸ ಹೆಂಡತಿ ನಂಜಮ್ಮನದು. ಅದೂ ಸಾಲದೆ ಅವಳು ಮುತ್ತುಗದ ಎಲೆ ತಂದು, ಒಣಗಿಸಿ, ಊಟದೆಲೆ ಹಚ್ಚಿ ಮಾರುತ್ತಾಳೆ. ಬಯಲುಸೀಮೆಯ ಕುರುಚಲಿನಲ್ಲಿ ಬೇಸಗೆಗೆ ಮುನ್ನ ಕೆಂಪಗೆ ಹೂಬಿಡುವ ಮರ ಅದು. ಹೂವಿಗೆ ಮರುಳಾದ ಕವಿಗಳು ಬೇಕಾದಷ್ಟು. ನಂಜಮ್ಮನಿಗೆ ಬೇಕಾದದ್ದು ಎಲೆ, ಅದೂ ಹರಿಯದ, ಅಗಲವಾದ ಎಲೆ.